ವ್ಯಾಪಾರ, ನೀತಿ, ಅರ್ಥವ್ಯವಸ್ಥೆ: ಗಡಿಭಾಗದ ಸದಸ್ಯರು ತಿಳಿದಿರಬೇಕಾದ ಕೆಲವು ಪದಗಳು



ನಮ್ಮ ಪುಟದಲ್ಲಿ ಸಾಮಾನ್ಯವಾಗಿ ರಾಜ್ಯೋತ್ಸವ, ಕನ್ನಡ ಶಾಲೆ, ಸಾಹಿತ್ಯ ಕಾರ್ಯಕ್ರಮಗಳ ವಿಷಯ ಇರುತ್ತದೆ. ಈ ಸಲ ಹಣಕಾಸು ಮತ್ತು ನೀತಿಯ ವಿಷಯ ತೆಗೆದುಕೊಂಡಿದ್ದೇವೆ. ಅದಕ್ಕೆ ಎರಡು ಕಾರಣಗಳಿವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಮಕ್ಕಳು ಕಾಮರ್ಸ್, ಬಿಬಿಎ ಓದುತ್ತಿದ್ದಾರೆ. ಪುಸ್ತಕದಲ್ಲಿ ಬರುವ ಪದಗಳಿಗೆ ಮನೆಯಲ್ಲಿ ಕನ್ನಡದಲ್ಲಿ ಅರ್ಥ ಕೇಳಿದರೆ ಹೇಳುವವರಿಲ್ಲ. ಇನ್ನೊಂದು ಕಾರಣ ದೊಡ್ಡದು. ಸಾಲದ ಕಾಗದ, ಜಮೀನಿನ ಕಾಗದ, ಅಡತ್ ಅಂಗಡಿಯ ಲೆಕ್ಕ ಹಿಡಿದುಕೊಂಡು ಸಂಘಕ್ಕೆ ಬರುವವರು ಹೆಚ್ಚಾಗುತ್ತಿದ್ದಾರೆ. ಬಹಳ ಮಂದಿ ರುಜು ಮಾಡಿದ ಮೇಲೆ ಬರುತ್ತಾರೆ, ಮಾಡುವುದಕ್ಕೆ ಮುಂಚೆ ಬರುವವರು ಕಡಿಮೆ.

ನಮ್ಮ ಪರಿಸ್ಥಿತಿ ಬೇರೆಯವರದಕ್ಕಿಂತ ಸ್ವಲ್ಪ ಭಿನ್ನ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಆದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲ್, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. ಹೀಗಾಗಿ ನಮ್ಮಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಬಜಾರಿನಲ್ಲಿ ಉರ್ದು ಬೆರೆತ ಹಿಂದಿ, ಬ್ಯಾಂಕಿನ ಕಾಗದ ಇಂಗ್ಲಿಷು. ವ್ಯಾಪಾರ ನೀತಿಯ ಪುಸ್ತಕಗಳಲ್ಲಿ ಎದುರಾಳಿಗೆ ವಿಷಯ ತಿಳಿದಿದೆಯೇ ಇಲ್ಲವೇ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಮಗೆ ಅದು ಪುಸ್ತಕದ ಪ್ರಶ್ನೆಯಲ್ಲ, ದಿನನಿತ್ಯದ್ದು. ಆದ್ದರಿಂದ ಮುಂದಿನ ಪ್ರತಿ ಪದವನ್ನೂ ಅದೇ ಕಡೆಯಿಂದ ನೋಡುತ್ತಾ ಹೋಗೋಣ.

1. ಕಾನೂನು ಮತ್ತು ನೀತಿ

ಇವೆರಡೂ ಒಂದೇ ಅಲ್ಲ. ಕಾನೂನು ಎಂದರೆ ಇದಕ್ಕಿಂತ ಕೆಳಗೆ ಇಳಿಯಬೇಡ ಎಂದು ಸರ್ಕಾರ ಹಾಕಿದ ಗೆರೆ. ನೀತಿ ಎಂದರೆ ಯಾರೂ ನೋಡದಿದ್ದರೂ, ದಂಡ ಬೀಳದಿದ್ದರೂ ಸರಿಯಾದದ್ದನ್ನು ಮಾಡುವುದು.

ತೂಕದ ವಿಷಯ ನೋಡಿ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರಿಯ ಕಾಟಾವನ್ನು ಇಲಾಖೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಮುದ್ರೆ ಇದ್ದರೆ ಕಾನೂನು ಮುಗಿಯಿತು. ಆದರೆ ಕಾಟಾದ ಅಂಕಿ ರೈತನಿಗೆ ಕಾಣುವ ಹಾಗೆ ಇಟ್ಟಿದ್ದಾರೆಯೇ, ತೇವಾಂಶ ಎಂದು ಎಷ್ಟು ಕಡಿದರು, ಏಕೆ ಕಡಿದರು ಎಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿದರೇ ಎಂಬುದು ನೀತಿಯ ಪ್ರಶ್ನೆ. ಕಾನೂನು ಪಾಲಿಸಿದ ವ್ಯವಹಾರದಲ್ಲೂ ಅನ್ಯಾಯ ಇರಬಹುದು. ಹಾಗೆಂದು ಕಾನೂನು ಬೇಡವೆಂದಲ್ಲ. ನೀತಿಗೆ ಬಗ್ಗದವನು ಕಾನೂನಿಗಾದರೂ ಬಗ್ಗಬೇಕು ಎಂದೇ ಅದು ಇರುವುದು.

2. ನೀತಿ ಸಿದ್ಧಾಂತಗಳು

ಯಾವುದು ಸರಿ ಎಂದು ತೀರ್ಮಾನಿಸಲು ತತ್ತ್ವಶಾಸ್ತ್ರದಲ್ಲಿ ಮೂರು ಮುಖ್ಯ ದಾರಿಗಳಿವೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳ್ಳಿಯಿಂದ ಒಬ್ಬ ಅಜ್ಜಿ ಎರಡು ಕ್ವಿಂಟಲ್ ತೊಗರಿ ತಂದಿದ್ದಾಳೆ. ನಿನ್ನೆಯ ದರ ಮಾತ್ರ ಅವಳಿಗೆ ಗೊತ್ತು. ಬೆಳಿಗ್ಗೆ ಕ್ವಿಂಟಲ್‌ಗೆ 300 ರೂಪಾಯಿ ಏರಿರುವುದು ಅಂಗಡಿಯವನಿಗೆ ಗೊತ್ತು. ಅವಳು ನಿನ್ನೆಯ ದರವನ್ನೇ ಕೇಳುತ್ತಾಳೆ. ಸುಮ್ಮನಿದ್ದರೆ ಅವನಿಗೆ 600 ರೂಪಾಯಿ ಉಳಿಯುತ್ತದೆ. ಅವನು ಏನು ಮಾಡಬೇಕು?

*ಫಲ ನೋಡುವ ದಾರಿ.* ಇಂಗ್ಲೆಂಡಿನ ಜೆರೆಮಿ ಬೆಂಥಮ್, ಆಮೇಲೆ ಜಾನ್ ಸ್ಟೂವರ್ಟ್ ಮಿಲ್ ಬೆಳೆಸಿದ ವಾದ ಇದು. ಯಾವ ಕೆಲಸದಿಂದ ಎಲ್ಲರ ಒಟ್ಟು ಸುಖ ಹೆಚ್ಚುತ್ತದೋ ಅದು ಸರಿ. 600 ರೂಪಾಯಿ ಸೇಠ್‌ಗೆ ಒಂದು ಹೊತ್ತಿನ ಖರ್ಚು, ಅಜ್ಜಿಗೆ ತಿಂಗಳ ಔಷಧಿ. ಆದ್ದರಿಂದ ಹೇಳುವುದೇ ಸರಿ. ಈ ದಾರಿಯ ಬಲ ಏನೆಂದರೆ ಲೆಕ್ಕ ಕೇಳುತ್ತದೆ. ದೌರ್ಬಲ್ಯವೂ ಲೆಕ್ಕದಲ್ಲೇ ಇದೆ. ಹತ್ತು ಮಂದಿಗೆ ಲಾಭವಾಗುತ್ತದೆ ಎಂದು ಒಬ್ಬನನ್ನು ಬಲಿ ಕೊಡುವುದಕ್ಕೂ ಇದೇ ವಾದವನ್ನು ಮುಂದೆ ಮಾಡಬಹುದು.

*ಕರ್ತವ್ಯ ನೋಡುವ ದಾರಿ.* ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ಒಬ್ಬ ಅಂಗಡಿಯವನನ್ನೇ ಉದಾಹರಣೆಯಾಗಿ ಕೊಡುತ್ತಾನೆ. ಅವನು ಏನೂ ತಿಳಿಯದ ಗಿರಾಕಿಗೂ, ಮಗುವಿಗೂ ಒಂದೇ ಬೆಲೆ ಹೇಳುತ್ತಾನೆ. ಒಳ್ಳೆಯದೇ. ಆದರೆ ಅಂಗಡಿಗೆ ಒಳ್ಳೆಯ ಹೆಸರು ಬರಲಿ ಎಂದು ಹಾಗೆ ಮಾಡಿದರೆ ಅದು ಜಾಣತನ, ಹಾಗೆ ಮಾಡುವುದೇ ತನ್ನ ಧರ್ಮ ಎಂದು ಮಾಡಿದರೆ ಮಾತ್ರ ನೀತಿ ಎನ್ನುತ್ತಾನೆ ಕಾಂಟ್. ಮನುಷ್ಯನನ್ನು ನಮ್ಮ ಲಾಭಕ್ಕೆ ಬರೀ ಸಾಧನವಾಗಿ ಬಳಸಬಾರದು ಎಂಬುದು ಅವನ ಮುಖ್ಯ ಮಾತು. ಅಜ್ಜಿಯ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡರೆ ಅವಳನ್ನು ಸಾಧನ ಮಾಡಿಕೊಂಡ ಹಾಗೆ.

*ಶೀಲ ನೋಡುವ ದಾರಿ.* ಗ್ರೀಸಿನ ಅರಿಸ್ಟಾಟಲ್ ಕಾಲದಿಂದ ಬಂದದ್ದು. ಇದನ್ನು ಮಾಡಿದರೆ ನಾನು ಎಂಥ ಮನುಷ್ಯನಾಗುತ್ತೇನೆ ಎಂದು ಕೇಳಿಕೊಳ್ಳುವುದು. ಇದಕ್ಕೆ ನಾವು ಗ್ರೀಸಿನವರೆಗೆ ಹೋಗಬೇಕಾಗಿಲ್ಲ. ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಹುಮನಾಬಾದ್ ದಾಟಿದರೆ ಬಸವಕಲ್ಯಾಣ. 12ನೇ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಇದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಎಂಬ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಅಕ್ಕಿಯನ್ನು ಅವರು ಯಾರಿಂದಲೂ ಕಸಿದಿರಲಿಲ್ಲ, ಯಾವ ಕಾನೂನೂ ಮುರಿದಿರಲಿಲ್ಲ. ಆದರೂ ಹೆಚ್ಚಿನ ಆಸೆ ಮನೆಯೊಳಗೆ ಬಂತಲ್ಲ ಎಂಬುದೇ ಲಕ್ಕಮ್ಮನ ಆಕ್ಷೇಪ.

ಮೂರು ದಾರಿಗಳೂ ಅಜ್ಜಿಗೆ ದರ ಹೇಳು ಎಂದೇ ಹೇಳುತ್ತವೆ, ಕಾರಣ ಮಾತ್ರ ಬೇರೆ ಬೇರೆ. ಪರೀಕ್ಷೆಗೆ ಓದುವ ಮಕ್ಕಳು ಈ ಕಾರಣಗಳ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

3. ಮಾಹಿತಿಯ ಅಸಮತೆ

ವ್ಯವಹಾರದಲ್ಲಿ ಒಬ್ಬನಿಗೆ ಹೆಚ್ಚು ಗೊತ್ತು, ಇನ್ನೊಬ್ಬನಿಗೆ ಕಡಿಮೆ ಗೊತ್ತು. ಇದಕ್ಕೆ ಮಾಹಿತಿಯ ಅಸಮತೆ ಎನ್ನುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟವನ್ನು ಉದಾಹರಣೆ ಮಾಡಿ ಇದನ್ನು ವಿವರಿಸಿದರು. ಕೊಳ್ಳುವವನಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗದಿದ್ದರೆ ಎಲ್ಲಕ್ಕೂ ಕಡಿಮೆ ಬೆಲೆ ಕಟ್ಟುತ್ತಾನೆ. ಆಗ ಒಳ್ಳೆಯ ಮಾಲಿನವನು ಪೇಟೆ ಬಿಡುತ್ತಾನೆ, ಕೆಟ್ಟ ಮಾಲೇ ಉಳಿಯುತ್ತದೆ. ಮೋಸದಿಂದ ಮೋಸ ಹೋದವನಿಗೆ ಮಾತ್ರವಲ್ಲ, ಪೇಟೆಯಲ್ಲಿರುವ ಪ್ರಾಮಾಣಿಕ ವ್ಯಾಪಾರಿಗೂ ನಷ್ಟ ಎಂಬುದು ಇದರ ಸಾರ. 2001ರ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಅವರೂ ಒಬ್ಬರು.

ನಮ್ಮ ಕಡೆಯ ಉದಾಹರಣೆ ತೊಗರಿಯದೇ ಇದೆ. ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಒಂದು ಊರಿನ ಮಣ್ಣು, ಹವೆ, ರೈತರ ದುಡಿಮೆಯಿಂದ ಬಂದ ಹೆಸರು ಆ ಊರಿನ ರೈತರೆಲ್ಲರ ಆಸ್ತಿ ಎಂಬುದು ಅದರ ಅರ್ಥ. ಬೇರೆ ಕಡೆಯ ಬೇಳೆಯನ್ನು ಬೆರೆಸಿ ಚೀಲದ ಮೇಲೆ ತಾಂಡೂರು ಎಂದು ಬರೆದರೆ ಕೊಂಡವನಿಗೆ ಸುಳ್ಳು ಹೇಳಿದ ಹಾಗೆ, ಬೆಳೆದವನ ಹೆಸರನ್ನು ಕದ್ದ ಹಾಗೆ.

4. ತಿಳಿದು ಕೊಟ್ಟ ಒಪ್ಪಿಗೆ

ಒಪ್ಪಂದ ಸರಿಯಾಗಬೇಕಾದರೆ ಇಬ್ಬರೂ ಒಪ್ಪಿರಬೇಕು. ಒಪ್ಪಿಗೆ ಸರಿಯಾಗಬೇಕಾದರೆ ಏನಕ್ಕೆ ಒಪ್ಪುತ್ತಿದ್ದೇವೆ ಎಂದು ತಿಳಿದಿರಬೇಕು. ಓದಲು ಬಾರದ ಭಾಷೆಯ ಹತ್ತು ಹಾಳೆಗೆ ಹಾಕಿದ ರುಜು ಕಾನೂನಿನ ಪ್ರಕಾರ ನಮ್ಮನ್ನು ಕಟ್ಟಿಹಾಕಬಹುದು. ನೀತಿಯ ಪ್ರಕಾರ ಅದು ಅರ್ಧ ಒಪ್ಪಿಗೆ ಮಾತ್ರ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಒಬ್ಬರು 40,000 ರೂಪಾಯಿ ಸಾಲ ಪಡೆಯುತ್ತಾರೆ. ಫ್ಲ್ಯಾಟ್ ಶೇ 12 ಬಡ್ಡಿ, ಒಂದು ವರ್ಷ, 12 ಕಂತು ಎಂದು ಹೇಳುತ್ತಾರೆ. ಬಡ್ಡಿ 4,800, ಒಟ್ಟು 44,800, ತಿಂಗಳ ಕಂತು ಸುಮಾರು 3,733 ರೂಪಾಯಿ. ಕೇಳಲು ಬಡ್ಡಿ ಶೇ 12. ಆದರೆ ಅಸಲು ತಿಂಗಳು ತಿಂಗಳು ಕಡಿಮೆಯಾಗುತ್ತಿರುತ್ತದೆ, ಬಡ್ಡಿ ಮಾತ್ರ ಪೂರ್ತಿ 40,000ಕ್ಕೇ ಹಾಕಿರುತ್ತಾರೆ. ಉಳಿದಿರುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ವಾರ್ಷಿಕ ದರ ಸುಮಾರು ಶೇ 21.5 ಆಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಸಾಲಗಾರನಿಗೆ ನಿಜ ತಿಳಿದಿಲ್ಲ.

ಇದಕ್ಕಾಗಿಯೇ ರಿಸರ್ವ್ ಬ್ಯಾಂಕ್ ನಿಯಮಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಿರುಸಾಲದ ನಿಯಮಗಳಲ್ಲಿ ನಮ್ಮ ಸದಸ್ಯರು ತಿಳಿದಿರಬೇಕಾದವು ಇವು:

- ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ.
- ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು.
- ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.
- ಸಾಲದ ಕಾರ್ಡು ಮತ್ತು ಒಪ್ಪಂದ ಪತ್ರ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು.
- ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ.

2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಸಾಲಗಳಿಗೂ ಮುಖ್ಯಾಂಶಗಳ ಪತ್ರ ಕೊಡುವುದು ಕಡ್ಡಾಯ. ಅದರಲ್ಲಿ ಎಲ್ಲ ಖರ್ಚೂ ಸೇರಿದ ನಿಜವಾದ ವಾರ್ಷಿಕ ದರ ಇರಬೇಕು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ನಿಯಮದಲ್ಲಿ ರಾಜ್ಯದ ಭಾಷೆ ಎಂದಿಲ್ಲ, ತಿಳಿಯುವ ಭಾಷೆ ಎಂದಿದೆ. ತೆಲುಗು ಓದಲು ಬಾರದ ನಮ್ಮ ಅಕ್ಕತಂಗಿಯರು ಕನ್ನಡದಲ್ಲಿ ಕೇಳಿದರೆ ಅದು ಉಪಕಾರ ಕೇಳಿದಂತಲ್ಲ, ನಿಯಮ ಕೇಳಿದಂತೆ.

ಈ ನಿಯಮಗಳು ಸುಮ್ಮನೆ ಬಂದವಲ್ಲ. 2010ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಕಿರುಸಾಲದ ವಸೂಲಿ ಕಿರುಕುಳದಿಂದ ಆತ್ಮಹತ್ಯೆಗಳಾದವೆಂಬ ವರದಿಗಳು ಬಂದು, ಅಕ್ಟೋಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಗಡಿಯ ಎರಡೂ ಕಡೆ ಒಂದೇ ಕಷ್ಟ.

5. ಅನ್ಯಾಯದ ಕರಾರು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಈ ಪದಕ್ಕೆ ವ್ಯಾಖ್ಯಾನವಿದೆ. ಅತಿಯಾದ ಭದ್ರತಾ ಠೇವಣಿ ಕೇಳುವುದು, ಸಣ್ಣ ತಪ್ಪಿಗೆ ನಷ್ಟಕ್ಕೆ ಮೀರಿದ ದಂಡ ಹಾಕುವುದು, ಸಾಲವನ್ನು ಮುಂಚಿತವಾಗಿ ತೀರಿಸಲು ಬಂದರೂ ಒಪ್ಪದಿರುವುದು, ಕಾರಣವಿಲ್ಲದೆ ಒಂದೇ ಪಕ್ಷ ಕರಾರು ಮುರಿಯುವುದು ಇದರಲ್ಲಿ ಬರುತ್ತವೆ. ರುಜು ಆಗಿದೆ, ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲಬೇಕಾಗಿಲ್ಲ. ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಗ್ರಾಹಕ ಆಯೋಗಕ್ಕೆ ಕೊಡಬೇಕು. ಸಾಮಾನ್ಯ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

6. ನ್ಯಾಯವಾದ ಬೆಲೆ

ಕೊಳ್ಳುವವನು, ಮಾರುವವನು ಇಬ್ಬರೂ ಒಪ್ಪಿದ ಬೆಲೆಯೇ ನ್ಯಾಯ ಎಂದು ಒಂದು ವಾದ. ಒಪ್ಪುವಾಗ ಇಬ್ಬರಿಗೂ ಬೇರೆ ದಾರಿ ಇತ್ತೇ ಎಂದು ಕೇಳುವುದು ಇನ್ನೊಂದು ವಾದ. ಬಿತ್ತನೆಗೆ ಅಡತ್ ಅಂಗಡಿಯಲ್ಲಿ ಉದ್ದರಿ ತಂದ ರೈತ, ರಾಶಿ ಆದ ಮೇಲೆ ಅದೇ ಅಂಗಡಿಗೆ ಹಾಕಬೇಕು. ಅವನು ಬೆಲೆಗೆ ಒಪ್ಪಿದ್ದಾನೆ ಎನ್ನುವುದಕ್ಕಿಂತ ಉದ್ದರಿ ಒಪ್ಪಿಸಿದೆ ಎನ್ನುವುದು ಸರಿ. ಇದಕ್ಕೆ ಚೌಕಾಸಿ ಬಲದ ಅಸಮತೆ ಎನ್ನುತ್ತಾರೆ.

ಕೇಂದ್ರ ಸರ್ಕಾರ ಘೋಷಿಸುವ ಕನಿಷ್ಠ ಬೆಂಬಲ ಬೆಲೆ ಈ ಅಸಮತೆಗೆ ಒಂದು ಆಸರೆ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಪೇಟೆಗೆ ಹೋಗುವ ಮೊದಲು ಈ ಒಂದು ಅಂಕಿ ಗೊತ್ತಿದ್ದರೆ ಮಾತನಾಡುವ ಧೈರ್ಯ ಬರುತ್ತದೆ.

7. ಹೊರಗೆ ಬೀಳುವ ನಷ್ಟ

ವ್ಯವಹಾರ ಇಬ್ಬರ ನಡುವೆ, ನಷ್ಟ ಮೂರನೆಯವನಿಗೆ. ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ. ತಾಂಡೂರಿನ ಹಾಸುಗಲ್ಲು ದೇಶದಲ್ಲೆಲ್ಲ ಹೆಸರುವಾಸಿ. ನಾವು ಶಹಾಬಾದ್ ಕಲ್ಲು ಎನ್ನುತ್ತೇವೆ, ತೆಲುಗಿನವರು ನಾಪರಾಯಿ ಎನ್ನುತ್ತಾರೆ. ಸಾವಿರಾರು ಮನೆಗಳಿಗೆ ಅದರಿಂದ ಅನ್ನ. ಆದರೆ ಪಾಲಿಶ್ ಮಾಡುವಾಗ ಬರುವ ಕೆಸರು, ಗಣಿಯ ಹೊರಗೆ ಬೀಳುವ ಚೂರುಕಲ್ಲಿನ ಗುಡ್ಡೆ, ಕೆಲಸಗಾರನ ಎದೆಗೆ ಸೇರುವ ಧೂಳು ಕಲ್ಲಿನ ಬೆಲೆಯಲ್ಲಿ ಸೇರಿರುವುದಿಲ್ಲ. ಆ ಖರ್ಚನ್ನು ಪಕ್ಕದ ಹೊಲದವನು, ಕೆಲಸಗಾರನ ಹೆಂಡತಿ ಮಕ್ಕಳು ಕಟ್ಟುತ್ತಾರೆ. ಮಾಲಿನ್ಯ ಮಾಡಿದವನೇ ಅದರ ಖರ್ಚು ಭರಿಸಬೇಕು ಎಂಬ ತತ್ತ್ವ ಹುಟ್ಟಿದ್ದು ಇದಕ್ಕಾಗಿ. ಉದ್ಯೋಗ ಬೇಕೋ ಆರೋಗ್ಯ ಬೇಕೋ ಎಂದು ಕೇಳುವುದು ಸರಿಯಲ್ಲ. ಧೂಳು ಅಡಗಿಸುವ ಖರ್ಚನ್ನು ಯಾರ ಲೆಕ್ಕಕ್ಕೆ ಹಾಕಬೇಕು ಎಂದು ಕೇಳಬೇಕು.

8. ಕಂಪನಿ ಯಾರಿಗಾಗಿ?

ಅಮೆರಿಕದ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಲೇಖನದ ಪ್ರಕಾರ, ನಿಯಮದೊಳಗಿದ್ದು ಮೋಸ ಮಾಡದೆ ಲಾಭ ಗಳಿಸುವುದೇ ಕಂಪನಿಯ ಸಾಮಾಜಿಕ ಹೊಣೆ. ಷೇರುದಾರರೇ ಅದರ ಯಜಮಾನರು. 1984ರಲ್ಲಿ ಎಡ್ವರ್ಡ್ ಫ್ರೀಮನ್ ಇನ್ನೊಂದು ವಾದವನ್ನು ವಿಸ್ತಾರವಾಗಿ ಮಂಡಿಸಿದರು. ಕೆಲಸಗಾರರು, ಗಿರಾಕಿಗಳು, ಮಾಲು ಒದಗಿಸುವವರು, ಊರಿನವರು ಎಲ್ಲರೂ ಪಾಲುದಾರರು, ಅವರ ಹಿತವನ್ನೂ ಕಂಪನಿ ನೋಡಬೇಕು ಎಂಬುದು ಆ ವಾದ.

ಭಾರತ ಎರಡನೆಯ ದಾರಿಗೆ ಸ್ವಲ್ಪ ಹತ್ತಿರ ಬಂದಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಅದರಲ್ಲಿದೆ. ನಮ್ಮ ಕನ್ನಡ ಶಾಲೆಗಳ ಕೊಠಡಿಗೆ, ಕುಡಿಯುವ ನೀರಿಗೆ ಅರ್ಜಿ ಬರೆಯುವಾಗ ಈ ಮಾತನ್ನು ಉಲ್ಲೇಖಿಸಬಹುದು.

ಲೆಕ್ಕದ ಪ್ರಾಮಾಣಿಕತೆಯೂ ಇಲ್ಲಿಯೇ ಬರುತ್ತದೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ಲೆಕ್ಕಪತ್ರಗಳನ್ನು ವರ್ಷಗಟ್ಟಲೆ ಉಬ್ಬಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಮೊತ್ತ 7,000 ಕೋಟಿ ರೂಪಾಯಿಯ ಆಸುಪಾಸು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಹೇಳಿತು. ಲೆಕ್ಕ ಪರಿಶೋಧಕರು ಇದ್ದರು, ಮಂಡಳಿ ಇತ್ತು, ಪ್ರಶಸ್ತಿಗಳೂ ಬಂದಿದ್ದವು. ಆದರೂ ಷೇರು ಕೊಂಡವರಿಗೆ, ಕೆಲಸಕ್ಕಿದ್ದ ಹುಡುಗರಿಗೆ ನಿಜ ಕಾಣದಂತೆ ಮುಚ್ಚಿಡಲಾಗಿತ್ತು.

9. ಅರ್ಥವ್ಯವಸ್ಥೆಗಳು

ಭೂಮಿ, ಬಂಡವಾಳ ಯಾರ ಕೈಯಲ್ಲಿ ಇರಬೇಕು, ಏನು ಬೆಳೆಯಬೇಕೆಂದು ಯಾರು ತೀರ್ಮಾನಿಸಬೇಕು ಎಂಬುದರ ಮೇಲೆ ಅರ್ಥವ್ಯವಸ್ಥೆಗಳಿಗೆ ಹೆಸರು. ನಮ್ಮ ಗಡಿಭಾಗ ಬಹುತೇಕ ಎಲ್ಲವನ್ನೂ ಕಂಡಿದೆ.

*ಜಾಗೀರುದಾರಿ.* ನಿಜಾಮರ ಕಾಲದಲ್ಲಿ ಉಳುವವನೊಬ್ಬ, ಕಂದಾಯ ಉಣ್ಣುವವನೊಬ್ಬ. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರ ರಕ್ಷಣೆಯ ಕಾಯ್ದೆ ಬಂತು.

*ಬಂಡವಾಳಶಾಹಿ.* ಖಾಸಗಿ ಒಡೆತನ, ಸ್ಪರ್ಧೆ, ಲಾಭ ಇದರ ಆಧಾರ. ಇದರ ಗುರು ಎನ್ನುವ ಆಡಂ ಸ್ಮಿತ್ 1776ರಲ್ಲಿ ರಾಷ್ಟ್ರಗಳ ಸಂಪತ್ತಿನ ಬಗ್ಗೆ ಬರೆದರು. ಅದಕ್ಕೆ ಮುಂಚೆ 1759ರಲ್ಲೇ ಸಹಾನುಭೂತಿ, ನೀತಿಭಾವನೆಗಳ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ದರು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

*ಸಮಾಜವಾದ.* ಉತ್ಪಾದನೆಯ ಸಾಧನಗಳು ಸಮಾಜದ ಕೈಯಲ್ಲಿರಬೇಕು ಎಂಬ ವಾದ. ಕೆಲಸಗಾರನ ದುಡಿಮೆಯ ಒಂದು ಭಾಗ ಅವನಿಗೆ ಸಿಗದೆ ಮಾಲೀಕನ ಲಾಭವಾಗುತ್ತದೆ ಎಂದು ಕಾರ್ಲ್ ಮಾರ್ಕ್ಸ್ 1867ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

*ಮಿಶ್ರ ವ್ಯವಸ್ಥೆ.* ಸರ್ಕಾರಿ, ಖಾಸಗಿ ಎರಡೂ ಜೊತೆಗೆ ನಡೆಯುವುದು. ಇದನ್ನು ನೋಡಲು ತಾಂಡೂರಿಗೆ ಹೋದರೆ ಸಾಕು. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆಯೂ ಅಲ್ಲಿದೆ, ಖಾಸಗಿ ಸಿಮೆಂಟ್ ಕಾರ್ಖಾನೆಗಳೂ ಇವೆ. ಅದೇ ಕಾರ್ಪೊರೇಷನ್ನಿನ ಕುರಕುಂಟಾ ಕಾರ್ಖಾನೆ ಗಡಿಯಾಚೆ ಸೇಡಂ ಹತ್ತಿರ ಮುಚ್ಚಿಹೋಯಿತು. ಸರ್ಕಾರಿ ಎಂದ ಮಾತ್ರಕ್ಕೆ ಉಳಿಯುತ್ತದೆ ಎಂದಾಗಲಿ, ಮುಳುಗುತ್ತದೆ ಎಂದಾಗಲಿ ಹೇಳಲಾಗದು.

*ಸಹಕಾರ.* 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಸಾಲ ಪಡೆಯುವವನೇ ಸದಸ್ಯ, ಸದಸ್ಯನೇ ಒಡೆಯ, ಒಬ್ಬನಿಗೆ ಒಂದು ಮತ. ಆದರೆ ಸದಸ್ಯರು ಲೆಕ್ಕ ಕೇಳದಿದ್ದರೆ ಸಹಕಾರ ಎಂಬ ಹೆಸರು ಕಾಪಾಡುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು, 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿ ಹಣ ಇಟ್ಟಿದ್ದ ಎಷ್ಟೋ ಹಿರಿಯರು ಬೀದಿಗೆ ಬಂದರು. ಮುಂದಿನ ತಿಂಗಳು ದೇಶದಲ್ಲಿ ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿ ಅದಕ್ಕಿಂತ ಹೆಚ್ಚು ಇಡುವವರು ಇದನ್ನು ಗಮನದಲ್ಲಿಡಬೇಕು.

*ಧರ್ಮದರ್ಶಿತ್ವ ಮತ್ತು ದಾಸೋಹ.* ಶ್ರೀಮಂತನು ತನ್ನ ಸಂಪತ್ತಿಗೆ ಒಡೆಯನಲ್ಲ, ಸಮಾಜದ ಪರವಾಗಿ ನೋಡಿಕೊಳ್ಳುವವನು ಎಂದು ಗಾಂಧೀಜಿ ಹೇಳಿದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರ ಮುಂದೆ ವೆದಿರೆ ರಾಮಚಂದ್ರ ರೆಡ್ಡಿ 100 ಎಕರೆ ಕೊಟ್ಟು ಭೂದಾನ ಚಳವಳಿ ಆರಂಭವಾಯಿತು. ಕಲ್ಯಾಣದ ಶರಣರ ಕಾಯಕ, ದಾಸೋಹ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ದುಡಿಯದೆ ಉಣ್ಣಬಾರದು, ದುಡಿದದ್ದನ್ನು ಒಬ್ಬನೇ ಉಣ್ಣಬಾರದು. ಕೊಡುವವನು ದೊಡ್ಡವನು, ಪಡೆಯುವವನು ಸಣ್ಣವನು ಎಂಬ ಭಾವವೂ ಇರಬಾರದು.

*ಸಮುದಾಯದ ವ್ಯವಸ್ಥೆ.* ಇದರ ಒಳ್ಳೆಯ ಉದಾಹರಣೆ ನಮ್ಮ ಜಹೀರಾಬಾದಿನ ಮಗ್ಗುಲಲ್ಲೇ ಇದೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಪಾಸ್ತಾಪುರದಿಂದ ಕೆಲಸ ಮಾಡುತ್ತದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಇಲ್ಲಿನ ದಲಿತ ಹೆಣ್ಣುಮಕ್ಕಳ ಸಂಘಗಳು 1990ರ ದಶಕದಲ್ಲಿ ಪರ್ಯಾಯ ಪಡಿತರ ನಡೆಸಿದವು. ಪಾಳುಬಿದ್ದ ಜಮೀನನ್ನು ಸಾಗು ಮಾಡಲು ರೈತನಿಗೆ ಸಾಲ. ಅದನ್ನು ಅವನು ಹಣದಲ್ಲಿ ಅಲ್ಲ, ಜೋಳದಲ್ಲಿ ತೀರಿಸಬೇಕು. ಆ ಜೋಳ ಊರಲ್ಲೇ ದಾಸ್ತಾನು, ಊರಿನ ಬಡವರಿಗೇ ಕಡಿಮೆ ಬೆಲೆಗೆ. ಬಡವರು ಯಾರು ಎಂಬ ಪಟ್ಟಿಯನ್ನು ಕಚೇರಿ ಮಾಡಲಿಲ್ಲ, ಊರಿನವರೇ ಕೂತು ಎಲ್ಲರ ಎದುರಿಗೆ ಮಾಡಿದರು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಈ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೋ ಶುರುವಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಗಳಿಗೆ ಬಂತು. ಶಾಲೆಗೆ ಹೋಗದವರು ಲೆಕ್ಕ ಇಟ್ಟ ವ್ಯವಸ್ಥೆ ಇದು. ಎಲ್ಲರಿಗೂ ತಿಳಿಯುವ ಮಾತಿನಲ್ಲಿ, ಎಲ್ಲರ ಎದುರಿಗೆ ಲೆಕ್ಕವಾದ್ದರಿಂದ ಅದು ನಡೆಯಿತು.

10. ಹಂಚಿಕೆಯ ನ್ಯಾಯ

ಕೊನೆಯ ಪದ ಇದು. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ಒಂದು ಉಪಾಯ ಹೇಳಿದರು. ನಿಯಮ ಮಾಡುವವರ ಮುಂದೆ ಒಂದು ಪರದೆ ಇದೆ ಎಂದುಕೊಳ್ಳಿ. ನಾಳೆ ತಾನು ಮಾಲೀಕನೋ ಹಮಾಲನೋ, ಪಟ್ಟೇದಾರನೋ ಕೂಲಿಯೋ ಎಂದು ಯಾರಿಗೂ ಗೊತ್ತಿಲ್ಲ. ಆಗ ಯಾವ ನಿಯಮ ಮಾಡುತ್ತಾರೋ ಅದು ನ್ಯಾಯ.

ಇದನ್ನು ನಮ್ಮ ಕಡೆಯ ಭೂಸ್ವಾಧೀನಕ್ಕೆ ಹಚ್ಚಿ ನೋಡಬಹುದು. ನ್ಯಾಲ್ಕಲ್, ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ ಸುಮಾರು 12,600 ಎಕರೆಯ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯದ ಯೋಜನೆ ಇದೆ. ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಹೋಗುವವರೆಲ್ಲ ಆ ಕೆಂಪು, ಕಪ್ಪು ಹೊಲಗಳನ್ನು ನೋಡಿದ್ದಾರೆ. ಕಾರ್ಖಾನೆ ಬಂದರೆ ಮಕ್ಕಳಿಗೆ ಕೆಲಸ ಎನ್ನುವವರೂ ನಮ್ಮಲ್ಲಿದ್ದಾರೆ, ಹೊಲ ಹೋದರೆ ಮುಂದೇನು ಎನ್ನುವವರೂ ಇದ್ದಾರೆ. ಸಂಘ ಯಾರ ಪರವೂ ಮಾತನಾಡುವುದಿಲ್ಲ. ಆದರೆ ಪಟ್ಟೇದಾರನಿಗೆ ಪರಿಹಾರ ಸಿಗುತ್ತದೆ, ಅದೇ ಹೊಲದಲ್ಲಿ ಕಳೆ ಕೀಳುವ ಕೂಲಿಯವಳಿಗೆ ಏನು ಎಂಬ ಪ್ರಶ್ನೆಯನ್ನು ರಾಲ್ಸ್ ಪರದೆಯ ಹಿಂದೆ ನಿಂತು ಯಾರೂ ಮರೆಯಲಾರರು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿ ಕೂಲಿಕಾರರ ಜೀವನೋಪಾಯವೂ ಲೆಕ್ಕಕ್ಕಿದೆ, ಸಾಮಾಜಿಕ ಪರಿಣಾಮದ ವರದಿ ಸ್ಥಳೀಯ ಭಾಷೆಯಲ್ಲಿ ಇರಬೇಕು ಎಂದೂ ಇದೆ. ತೆಲಂಗಾಣವೂ ಸೇರಿ ಕೆಲವು ರಾಜ್ಯಗಳು ಈ ಕಾಯ್ದೆಗೆ ತಿದ್ದುಪಡಿ ತಂದಿರುವುದರಿಂದ, ಯಾವುದೇ ನೋಟಿಸು ಬಂದಾಗ ಅದು ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಮೊದಲು ನೋಡಬೇಕು.

ಭಾಷೆಯ ವಿಷಯದಲ್ಲಿ ಸಂವಿಧಾನ ನಮ್ಮ ಜೊತೆಗಿದೆ. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು 350ನೇ ವಿಧಿ ಕೊಡುತ್ತದೆ. 350ಬಿ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರುತ್ತಾರೆ.

ರುಜು ಮಾಡುವ ಮುಂಚೆ ಐದು ಪ್ರಶ್ನೆಗಳು

1. ಈ ಕಾಗದದಲ್ಲಿ ಏನಿದೆ ಎಂದು ನಾನು ಇನ್ನೊಬ್ಬರಿಗೆ ಕನ್ನಡದಲ್ಲಿ ಹೇಳಬಲ್ಲೆನೇ?
2. ಎಲ್ಲ ಖರ್ಚೂ ಸೇರಿ ಒಟ್ಟು ಎಷ್ಟು ಕೊಡುತ್ತೇನೆ, ನಿಜವಾದ ವಾರ್ಷಿಕ ದರ ಎಷ್ಟು?
3. ಕಂತು ತಪ್ಪಿದರೆ, ಬೆಳೆ ಹೋದರೆ ನಷ್ಟ ಯಾರ ತಲೆಗೆ?
4. ಬೇಡವೆಂದರೆ ನನಗೆ ಬೇರೆ ದಾರಿ ಇದೆಯೇ?
5. ಇದರ ಒಂದು ಪ್ರತಿ, ಒಂದು ರಸೀದಿ ನನ್ನ ಕೈಗೆ ಬರುತ್ತದೆಯೇ?

ನಮ್ಮಲ್ಲಿ ಸಾಲ ಕೊಡುವವರು, ಅಂಗಡಿ ನಡೆಸುವವರು, ಕೂಲಿಗೆ ಆಳು ಇಡುವವರು, ಚೀಟಿ ನಡೆಸುವವರೂ ಇದ್ದಾರೆ. ಅವರು ಇದೇ ಐದು ಪ್ರಶ್ನೆಗಳನ್ನು ಎದುರಿಗಿರುವವರ ಪರವಾಗಿ ಕೇಳಿಕೊಳ್ಳಬೇಕು. ಎದುರಿನವರಿಗೆ ಎಲ್ಲವೂ ಅವರ ಮಾತಿನಲ್ಲೇ ತಿಳಿದಿದ್ದರೆ ಈ ವ್ಯವಹಾರಕ್ಕೆ ಒಪ್ಪುತ್ತಿದ್ದರೇ ಎಂದು ಯೋಚಿಸಿ. ಒಪ್ಪುತ್ತಿದ್ದರು ಎಂದಾದರೆ ಧೈರ್ಯವಾಗಿ ಮುಂದುವರಿಯಿರಿ. ಇಲ್ಲವೆಂದಾದರೆ ನಮ್ಮ ಲಾಭ ಅವರ ಅಜ್ಞಾನದಿಂದ ಬಂದದ್ದು. ನಾವು ಕನ್ನಡಿಗರು, ನಮಗೆ ಅನ್ಯಾಯವಾಗುತ್ತಿದೆ ಎಂದು ಕಚೇರಿಯಲ್ಲಿ ಹೇಳಿ, ನಮ್ಮ ಅಂಗಡಿಗೆ ಬಂದ ಲಂಬಾಣಿ ತಾಯಿಗೆ, ತೆಲುಗಿನ ಕೂಲಿಯವನಿಗೆ ಅದನ್ನೇ ಮಾಡಿದರೆ ನಮ್ಮ ಮಾತಿಗೆ ತೂಕ ಇರುವುದಿಲ್ಲ.

ಸದಸ್ಯರು ಸಾಲದ ಅಥವಾ ಜಮೀನಿನ ಕಾಗದಗಳನ್ನು ರುಜು ಮಾಡುವ ಮುಂಚೆ ಸಂಘದ ಸಭೆಗೆ ತಂದರೆ ಓದಿ, ಕನ್ನಡದಲ್ಲಿ ಅರ್ಥ ಹೇಳುವ ಕೆಲಸವನ್ನು ನಾವು ಸಂತೋಷದಿಂದ ಮಾಡುತ್ತೇವೆ. ತೆಲುಗು, ಉರ್ದು, ಇಂಗ್ಲಿಷ್ ಬಲ್ಲ ನಿವೃತ್ತ ಶಿಕ್ಷಕರು, ನೌಕರರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರೂ ಮುಂದೆ ಬರಬೇಕೆಂದು ಕೋರುತ್ತೇವೆ. ಮೂಲ ಕಾಗದ ಮನೆಯಲ್ಲೇ ಇಟ್ಟು ಜೆರಾಕ್ಸ್ ಪ್ರತಿ ತನ್ನಿ.

ಇಂತಿ,
ಕಾರ್ಯದರ್ಶಿ
(ಸಂಘದ ಪರವಾಗಿ)